ಬಚ್ಚಲಿನ ಕಿಟಕಿಯ ಪ್ಲಾಸ್ಟಿಕ್ ಕಿತ್ತು ಹಾಕು

ಇನ್ವರ್‌ಕಿಪ್, ಸ್ಕಾಟ್ಲೆಂಡ್
ಭಾನುವಾರ ಮಧ್ಯಾಹ್ನ

ಅಮ್ಮನಿಗೆ ನಮಸ್ಕಾರ. ಅಪ್ಪಯ್ಯನಿಗೂ. ನಾನು ಇಲ್ಲಿ ಕ್ಷೇಮ.

ನಿನ್ನ ಕಾಗದದ ಫೋಟೋ ಅಕ್ಕ ವಾಟ್ಸಾಪ್ ಮಾಡಿದಳು. ಮೊದಲ ಪುಟದ ತುಂಬಾ ನನಗೆ ಬೈಗುಳ. ದೋಣಿಯೊಳಗೆ ಡೀಸೆಲ್ ಒಲೆ ಹಚ್ಚಿಕೊಂಡು ಮಲಗುತ್ತೀಯಂತೆ, ಇದ್ದಿಲ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಅಂತ ಪೇಪರಿನಲ್ಲಿ ಬರುತ್ತಲ್ಲ, ಓದುವುದಿಲ್ಲವಾ ಅಂತ. ಸರಿ. ಆದರೆ ಎರಡನೇ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದೆಯಲ್ಲ, 'ಹಬ್ಬದ ದಿನ ಅಪ್ಪಯ್ಯ ಬಚ್ಚಲಲ್ಲಿ ತಲೆ ಸುತ್ತಿ ಕೂತುಬಿಟ್ಟರು, ಈಗ ಅಡ್ಡಿಲ್ಲ' ಅಂತ, ಅದನ್ನು ಮೊದಲು ಬರೆಯಬೇಕಿತ್ತು ಅಮ್ಮಾ.

ನಿನ್ನೆ ರಾತ್ರಿ ಫೋನ್ ಮಾಡಿದೆ. ಅಪ್ಪಯ್ಯ ನಕ್ಕರು. 'ಪಿತ್ತ ಕಣೋ, ಸುಮ್ನಿರು' ಅಂದು ಅಡಿಕೆ ರೇಟು ಹೇಳಿ ಇಟ್ಟರು. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದಾದರೆ ನೀನು ಎರಡು ಸಲ ಓದುತ್ತೀಯ.

ಮೊದಲು ನನ್ನ ಹೀಟರಿನ ಕಥೆ ಮುಗಿಸುತ್ತೇನೆ, ನಿನ್ನ ಭಯ ಹೋಗಲಿ. ದೋಣಿ 26 ಅಡಿಯದು. ವೆಸ್ಟರ್ಲಿ ಸೆಂಟಾರ್ ಅಂತ, ನನಗಿಂತ ವಯಸ್ಸಾದದ್ದು. ಅರ್ಧ ನನ್ನದು, ಅರ್ಧ ಆಫೀಸಿನ ಗೆಳೆಯನದು. ಶನಿವಾರ ಭಾನುವಾರ ಮಾತ್ರ ಇಲ್ಲಿರುತ್ತೇನೆ, ಮಿಕ್ಕ ದಿನ ಗ್ಲಾಸ್ಗೋದಲ್ಲಿ ಗೋಡೆ ಇರುವ ಮನೆಯಲ್ಲೇ ಮಲಗುತ್ತೇನೆ. ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲಾ ಕತ್ತಲು. ಹೀಟರ್ ಇಲ್ಲದಿದ್ದಾಗ ನಮ್ಮ ಉಸಿರೇ ತಣ್ಣಗಿನ ಸೂರಿಗೆ ತಾಗಿ ನೀರಾಗಿ ಬೆಳಗಿನ ಜಾವ ಹಣೆ ಮೇಲೆ ತೊಟ್ಟಿಕ್ಕುತ್ತಿತ್ತು. ಆಷಾಢದಲ್ಲಿ ಹಳೇ ಕೊಟ್ಟಿಗೆ ಸೋರುತ್ತಿತ್ತಲ್ಲ, ಹಾಗೆ.

ಇದು ಒಲೆ ಅಲ್ಲ ಅಮ್ಮ. ಹೇಗೆ ಅಂದರೆ, ನಮ್ಮ ಹಳೇ ಹಂಡೆ ನೆನಪಿಸಿಕೋ. ಅಡಿಯಲ್ಲಿ ಬೆಂಕಿ, ಮೇಲೆ ನೀರು, ಹೊಗೆ ಗೋಡೆಯ ಕೊಳವೆಯಿಂದ ಹೊರಗೆ. ಹೊಗೆಗೂ ನೀರಿಗೂ ಸಂಬಂಧವೇ ಇಲ್ಲ. ಇಲ್ಲೂ ಅಷ್ಟೇ, ನೀರಿನ ಬದಲು ಗಾಳಿ. ಬೂಟಿನ ಡಬ್ಬಿಗಿಂತ ಸ್ವಲ್ಪ ಉದ್ದದ ಪೆಟ್ಟಿಗೆ. ಒಳಗೆ ಒಂದು ಲೋಹದ ಕೋಣೆ, ಅದರೊಳಗೆ ಡೀಸೆಲ್ ಉರಿಯುತ್ತದೆ. ಆ ಬೆಂಕಿಗೆ ಗಾಳಿ ಹೊರಗಿನಿಂದಲೇ ಬರಬೇಕು, ಹೊಗೆ ಹೊರಗೇ ಹೋಗಬೇಕು. ಕಾದ ಲೋಹದ ಮೇಲೆ ಫ್ಯಾನ್ ಬೇರೆ ಗಾಳಿ ಬೀಸಿ ನಾವು ಮಲಗುವ ಕಡೆಗೆ ತಳ್ಳುತ್ತದೆ. ಸಣ್ಣಗೆ ಉರಿಸಿದರೆ ರಾತ್ರಿಯಿಡೀ ಒಂದು ಲೀಟರ್ ಆಸುಪಾಸು ಖರ್ಚು. ಡೀಸೆಲ್ ಪಂಪು ಟಕ್, ಟಕ್ ಅನ್ನುತ್ತಲೇ ಇರುತ್ತದೆ, ಥೇಟ್ ಹಲ್ಲಿ ಲೊಚಗುಟ್ಟಿದ ಹಾಗೆ. ನೀನಿದ್ದಿದ್ದರೆ ರಾತ್ರಿಯೆಲ್ಲಾ 'ಸತ್ಯ ಸತ್ಯ' ಅನ್ನುತ್ತಾ ನೆಲ ಕುಟ್ಟುತ್ತಿದ್ದೆ.

ಜರ್ಮನಿಯ ಒಳ್ಳೆ ಹೀಟರ್ ತಗೊಂಡರೆ ಸಾವಿರ ಪೌಂಡ್ ಮೇಲೆ. ನಾವು ತಗೊಂಡದ್ದು ಚೀನಾದ ಅಗ್ಗದ್ದು, ನಾವೇ ಕೂರಿಸಿದ್ದು. ಎಲ್ಲಕ್ಕಿಂತ ಕಷ್ಟ ದೋಣಿಗೆ ತೂತು ಕೊರೆಯುವುದು. ತೇಲುವ ದೋಣಿಗೆ ನಮ್ಮ ಕೈಯಾರೆ ತೂತು! ಗೆಳೆಯ ಡ್ರಿಲ್ ನನ್ನ ಕೈಗೆ ಕೊಟ್ಟು ಟೀ ಮಾಡುತ್ತೇನೆ ಅಂತ ಒಳಗೆ ಹೋದವನು ಬರಲೇ ಇಲ್ಲ. ಹಿಂಭಾಗದಲ್ಲಿ, ನೀರಿಗಿಂತ ಒಂದೂವರೆ ಅಡಿ ಮೇಲೆ ಕೊರೆದೆ. ಹೊರಬಂದ ಬಿಲ್ಲೆ ಸಣ್ಣ ನಿಪ್ಪಟ್ಟಿನಷ್ಟಿದೆ, ಇಟ್ಟುಕೊಂಡಿದ್ದೇನೆ. ಹೊಗೆ ಕೊಳವೆ ಒಳಗಿನಿಂದ ಮೇಲಕ್ಕೆ ಹೋಗಿ, ಬಗ್ಗಿ, ಆಮೇಲೆ ತೂತಿಗೆ ಇಳಿಯುತ್ತದೆ. ಹಿಂದಿನಿಂದ ಅಲೆ ಹೊಡೆದರೂ ನೀರು ಹೀಟರಿನ ತನಕ ಹತ್ತುವುದಿಲ್ಲ. ಒಂದು ದಿನ ಸ್ಟಾರ್ಟೇ ಆಗಲಿಲ್ಲ. ನೋಡಿದರೆ ನಾವು ಹಾಕಿದ್ದ ವೈರು ತೀರಾ ತೆಳ್ಳಗಿತ್ತು. ಹಚ್ಚಿಕೊಳ್ಳುವಾಗ 10 ಆಂಪ್ ಹತ್ತಿರ ಎಳೆಯುತ್ತದೆ. ದಪ್ಪ ವೈರು ಹಾಕಿದೆವು, ಹತ್ತಿಕೊಂಡಿತು.

ಅಪ್ಪಯ್ಯನಿಗೆ ಒಂದು ತಮಾಷೆ ಹೇಳು. ಇಲ್ಲಿ ದೋಣಿಯವರಿಗೆ ಕೆಂಪು ಬಣ್ಣ ಹಾಕಿದ ಡೀಸೆಲ್. ನಮ್ಮ ರೇಷನ್ನಿನ ನೀಲಿ ಸೀಮೆಎಣ್ಣೆ ಇದ್ದ ಹಾಗೆ. ಚಳಿ ಕಾಯಿಸಲು ಉರಿಸುವ ಪಾಲಿಗೆ ತೆರಿಗೆ ಕಡಿಮೆ, ಇಂಜಿನ್ನಿಗೆ ಹೋಗುವ ಪಾಲಿಗೆ ಪೂರ್ತಿ. ಎಷ್ಟು ಯಾವುದಕ್ಕೆ ಅಂತ ನಾವೇ ಹೇಳಬೇಕು. ಇಂಜಿನ್ನಿಗೆ 60, ಹೀಟರಿಗೆ 40 ಅನ್ನುವುದು ವಾಡಿಕೆ. ಹೇಳಿದ್ದನ್ನು ನಂಬಿ ಬರೆದುಕೊಳ್ಳುತ್ತಾರೆ!

ಈಗ ಒಂದು ವಿಷಯ. ನಿನಗೆ ಹೇಳಬಾರದು ಅಂತಿದ್ದೆ. ಗಾಬರಿ ಆಗಬೇಡ, ಎಲ್ಲಾ ಸರಿಹೋಗಿದೆ.

ಮೂರು ವಾರದ ಹಿಂದೆ ಮೊದಲ ಸಲ ಹಚ್ಚಿದಾಗ ಒಂದು ಗಂಟೆ ಬೆಚ್ಚಗೆ ಕೂತಿದ್ದೆವು. ನನಗೆ ತಲೆ ಸ್ವಲ್ಪ ಭಾರ. ಕಾಫಿ ಕುಡಿದಿಲ್ಲ, ಅದಕ್ಕೆ ಅಂದುಕೊಂಡೆ. ಅಷ್ಟರಲ್ಲಿ ಗೋಡೆಗೆ ಹಾಕಿದ್ದ ಅಲಾರಾಂ ಕೂಗಿತು. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 90 ಪಾಲು ದಾಟಿತ್ತು. ವಾಸನೆ ಏನೂ ಇಲ್ಲ ಅಮ್ಮ, ಒಂದು ಚೂರೂ ಇಲ್ಲ. ಎಲ್ಲಾ ಬಾಗಿಲು ತೆರೆದು ಹೊರಗೆ ಓಡಿದೆವು. ಹೀಟರಿನ ಜೊತೆ ಬಂದ ಸೈಲೆನ್ಸರ್ ಲಾರಿಯ ಅಡಿಗೆ ಹಾಕುವಂಥದ್ದು. ಅದರ ಮಡಿಕೆಯಲ್ಲೇ ಸಂದು, ನೀರು ಇಳಿಯಲಿ ಅಂತ ಸಣ್ಣ ತೂತು ಬೇರೆ. ರಸ್ತೆ ಮೇಲೆ ಅದು ನಡೆಯುತ್ತದೆ, ದೋಣಿಯ ಹೊಟ್ಟೆಯೊಳಗೆ ನಡೆಯುವುದಿಲ್ಲ. ಕಿತ್ತೆಸೆದು ಬೆಸುಗೆ ಹಾಕಿದ್ದನ್ನು ಹಾಕಿದೆವು. ಈಗ ಎರಡು ಅಲಾರಾಂ ಇವೆ, ಒಂದು ನನ್ನ ದಿಂಬಿನ ಹತ್ತಿರವೇ. ರಾತ್ರಿಯೆಲ್ಲಾ ಸೊನ್ನೆ. ಕಿಟಕಿಯನ್ನೂ ಎರಡು ಬೆರಳು ತೆರೆದೇ ಮಲಗುತ್ತೇನೆ. ನೀನು ನಿಶ್ಚಿಂತೆಯಿಂದ ಇರು. ನಿಜವಾಗಿ. ಗ್ಲಾಸ್ಗೋ ಮನೆಗಿಂತ ಇಲ್ಲೇ ಜಾಸ್ತಿ ಸುರಕ್ಷಿತ.

ಇದನ್ನು ಯಾಕೆ ಹೇಳಿದೆ ಅಂದರೆ, ನಿನ್ನ ಕಾಗದ ಓದುವಾಗ ಅವತ್ತಿನ ತಲೆಭಾರ ನೆನಪಾಯಿತು. ನೀನೇ ಲೆಕ್ಕ ಹಾಕು. ನರಕ ಚತುರ್ದಶಿ. ಆರು ಜನ ಒಬ್ಬರ ಹಿಂದೆ ಒಬ್ಬರು ಎಣ್ಣೆ ಸ್ನಾನ. ಗ್ಯಾಸ್ ಗೀಸರ್ ಒಂದೂವರೆ ಗಂಟೆ ಉರಿದಿರಬೇಕು. ಕೊನೆಗೆ ಹೋದವರು ಅಪ್ಪಯ್ಯ. ಅವರಿಗಿಂತ ಮುಂಚೆ ಹೋದವಳು ಪುಟ್ಟಿ. ಅವಳೂ ವಾಂತಿ ಮಾಡಿಕೊಂಡಳಂತೆ, ಕಡುಬು ಜಾಸ್ತಿ ತಿಂದಳು ಅಂದಿರಿ ಅಂತ ಅಕ್ಕ ಹೇಳಿದಳು. ಕಡುಬಿನದಲ್ಲ ಅಮ್ಮ ಅದು.

ಭಾವ ಕೊರೊನಾ ಕಾಲದ ಆ ಬೆರಳಿನ ಮಿಷನ್ ಹಾಕಿ ನೋಡಿ 98 ಇದೆ, ಏನೂ ಆಗಿಲ್ಲ ಅಂದರಂತೆ. ಅದನ್ನು ನಂಬಬೇಡಿ. ಈ ಗಾಳಿ ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ, ಆ ಮಿಷನ್ನಿಗೆ ಎರಡೂ ಒಂದೇ. 98 ತೋರಿಸುತ್ತಲೇ ಇರುತ್ತದೆ.

ಹಂಡೆ ತೆಗೆಸಿದ್ದು ನಾನೇ ಅಲ್ವಾ. ಅಮ್ಮನಿಗೆ ಹೊಗೆ ಬೇಡ ಅಂತ ದುಡ್ಡು ಕಳಿಸಿದ್ದೂ ನಾನೇ. ಟೈಲ್ಸ್ ಹಾಕುವಾಗ ಹೊಗೆ ಹೋಗುತ್ತಿದ್ದ ತೂತನ್ನೂ ಮುಚ್ಚಿದರು. ಉಳಿದದ್ದು ಮೇಲಿನ ಚಿಕ್ಕ ಕಿಟಕಿ ಒಂದೇ. ಅದಕ್ಕೆ ಇರಚಲು ಹೊಡೆಯುತ್ತದೆ ಅಂತ ಮಳೆಗಾಲದಲ್ಲಿ ಅಪ್ಪಯ್ಯ ಪ್ಲಾಸ್ಟಿಕ್ ಬಡಿದಿದ್ದರು. ಈಗಲೂ ಇದೆ. ವಿಡಿಯೋ ಕಾಲಿನಲ್ಲಿ ನೋಡಿದ್ದೇನೆ, ಗೊಬ್ಬರದ ನೀಲಿ ಚೀಲ, ನಾಲ್ಕು ಮೂಲೆಗೂ ಮೊಳೆ. ಕಂಡರೂ ಹೊಳೆಯಲಿಲ್ಲ ನನಗೆ.

ಇವತ್ತೇ ಆ ಚೀಲ ಕಿತ್ತು ಹಾಕು. ಗೀಸರಿನ ಸಿಲಿಂಡರ್ ಬಂದ್ ಮಾಡು. ಹೇಗೂ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿರುತ್ತದೆ, ಪಕ್ಕದಲ್ಲಿ ನೀರು ಕಾಯಿಸಿ ಬಕೆಟ್ಟಿನಲ್ಲಿ ಒಯ್ಯಿರಿ. ಒಂದು ವಾರ ತಾನೇ. ಗೀಸರನ್ನು ಹೊರಗಿನ ಗೋಡೆಗೆ ಹಾಕಿ ಬರೀ ಬಿಸಿನೀರಿನ ಪೈಪು ಒಳಗೆ ತರಲಿ. ನಲ್ಲಿ ಕೆಲಸದವನಿಗೆ ಅಕ್ಕ ಹೇಳುತ್ತಾಳೆ, ದುಡ್ಡು ಅವಳ ಅಕೌಂಟಿಗೆ ಹಾಕಿದ್ದೇನೆ. ಗ್ಯಾಸ್ ವಾಸನೆಯೇ ಬರುವುದಿಲ್ಲ ಅಂತ ಅಪ್ಪಯ್ಯ ವಾದಿಸುತ್ತಾರೆ, ಗೊತ್ತು. ವಾಸನೆ ಸಿಲಿಂಡರಿನ ಗ್ಯಾಸಿಗೆ, ಸೇರಿಸಿರುತ್ತಾರೆ. ಉರಿದ ಮೇಲೆ ಬರುವ ಇದಕ್ಕೆ ಇಲ್ಲ. ಡಾಕ್ಟರಿಗೂ ಗೀಸರಿನ ವಿಷಯ ಹೇಳಿ. ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದು ಬೇರೆ.

ಹೀಟರ್ ಆಫ್ ಮಾಡಿದೆ. ತಕ್ಷಣ ನಿಲ್ಲುವುದಿಲ್ಲ, ಒಳಗೆ ತಣ್ಣಗಾಗುವವರೆಗೆ ನಾಲ್ಕೈದು ನಿಮಿಷ ಫ್ಯಾನ್ ತಿರುಗುತ್ತದೆ, ಅಲ್ಲಿವರೆಗೆ ಬ್ಯಾಟರಿ ಮುಟ್ಟುವ ಹಾಗಿಲ್ಲ. ಆ ಹೊತ್ತಲ್ಲಿ ಈ ಕೊನೆಯ ಸಾಲು ಬರೆಯುತ್ತಿದ್ದೇನೆ. ಉಪ್ಪಿನಕಾಯಿ ತಲುಪಿತು, ಒಡೆದಿಲ್ಲ. ತೋಟದಮನೆ ಮಾವ ಹೇಳಿದ ಹುಡುಗಿ ವಿಷಯ ಆಮೇಲೆ ಮಾತಾಡೋಣ. ಇಲ್ಲಿ ಏನೂ ತೊಂದರೆ ಇಲ್ಲ, ಸ್ವೆಟರ್ ಹಾಕಿಕೊಳ್ಳುತ್ತೇನೆ, ಊಟ ಸರಿಯಾಗಿ ಮಾಡುತ್ತೇನೆ.

ಫ್ಯಾನ್ ನಿಂತಿತು. ರೈಲಿಗೆ ಹೊತ್ತಾಯಿತು. ಬರಿಯ ಕಿಟಕಿಯ ಫೋಟೋ ಅಕ್ಕನಿಂದ ಕಳಿಸು.

ನಿನ್ನ
ಅಪ್ಪಿ