ಹಪ್ಪಳ ಮಾಡುವವರು ‘ಟ್ರೇಡರ್ಸ್’ ಆಗುವುದು ಬೇಡ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ ಕಡೆಯ ಹಪ್ಪಳ, ಉಪ್ಪಿನಕಾಯಿ, ತೊಡದೇವು ತಯಾರಕರಿಗೆ ಲೇಬಲ್ ಮುದ್ರಿಸಿಕೊಡುವ ಕೆಲಸ ನನ್ನದು. ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಬೇಕಿದ್ದರೆ ಜೊತೆಗೆ ಸೇರಿಸಿಕೊಳ್ಳಬಹುದು ಎಂಬುದು ಆಹಾರ ಸುರಕ್ಷತಾ ನಿಯಮವಾದ್ದರಿಂದ (ಅದರ ಬಗ್ಗೆ ನನಗಿರುವ ತಕರಾರು ಬೇರೆ ಮಾತು) ಇಂಗ್ಲಿಷ್ ಬೇಡವೆನ್ನುವಂತಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಮನೆದೇವರ ಹೆಸರಿನ ಮುಂದೆ ‘ಟ್ರೇಡರ್ಸ್’ ಎಂದೇ ಹಾಕಿಸುತ್ತಾರೆ. ಅಡಿಕೆ ವ್ಯಾಪಾರಿಗಳ ಬೋರ್ಡು ನೋಡಿ ಬಂದ ರೂಢಿ ಇರಬೇಕು.

ಬೋರ್ಡಿನಲ್ಲಿ ಏನಿದ್ದರೂ ನಡೆದೀತು. ಅದೇ ಪದ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಯ ಅರ್ಜಿಗೆ ಇಳಿದರೆ ನಷ್ಟ. ಹಲಸಿನ ಹಪ್ಪಳದ ಲೇಬಲ್ ಮಾಡಿಸಲು ಬಂದಿದ್ದ ಮಹಿಳೆಯೊಬ್ಬರು ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಅಂಗಳದ ಚಾಪೆಯ ಮೇಲೆ ಒಣಗಿಸುವವರೆಗಿನ ಕೆಲಸವನ್ನೆಲ್ಲ ಮನೆಯಲ್ಲೇ ಮಾಡುತ್ತಿದ್ದರೂ, ಅರ್ಜಿ ತುಂಬಿಕೊಟ್ಟವರು ಹೆಸರು ನೋಡಿ ಅವರನ್ನು ಚಿಲ್ಲರೆ ವ್ಯಾಪಾರಿಯೆಂದು ದಾಖಲಿಸಿದ್ದರು. 2021ರ ಜುಲೈನಿಂದ ವ್ಯಾಪಾರಿಗಳಿಗೂ ಈ ನೋಂದಣಿ ದೊರೆಯುತ್ತಿದೆಯಾದರೂ ಅವರಿಗೆ ಸಿಗುವ ಪ್ರಯೋಜನ ಆದ್ಯತಾ ವಲಯದ (ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ) ಸಾಲಕ್ಕಷ್ಟೇ ಸೀಮಿತ. ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂಬ, ಇಂಥ ಉದ್ದಿಮೆಗಳಿಗಾಗಿ ಇರುವ 2006ರ ಕಾಯ್ದೆಯ ರಕ್ಷಣೆ ಅವರಿಗಿಲ್ಲ. ಬೆಂಗಳೂರಿನ ಅಂಗಡಿಗಳಿಗೆ ಉದ್ರಿ ಮಾಲು ಕಳಿಸಿ ತಿಂಗಳುಗಟ್ಟಲೆ ಕಾಯುವವರಿಗೆ ಇದು ಸಣ್ಣ ವಿಷಯವಲ್ಲ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇರಿಸಿದ್ದೂ ಸಂಸ್ಕರಣೆಗೇ ಹೊರತು ಕೊಂಡು ಮಾರುವುದಕ್ಕಲ್ಲ.

ಹಾಗಾಗಿ ಮಾಡುವ ಕೆಲಸವನ್ನೇ ಹೇಳುವ ಪದ ಬೇಕು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಉಪ್ಪಿನಕಾಯಿ ಮಾಡುವುದು ‘ಮ್ಯಾನುಫ್ಯಾಕ್ಚರಿಂಗ್’. ತದಡಿ, ಬೇಲೆಕೇರಿ ಕಡೆ ಮೀನಿಗೆ ಉಪ್ಪು ಹಚ್ಚಿ ಒಣಗಿಸುವುದು ‘ಫಿಶ್ ಪ್ರೊಸೆಸಿಂಗ್’. ಒಣಮೀನು ಕೊಂಡು ಸಂತೆಯಲ್ಲಿ ಮಾರುವವರದು ಮಾತ್ರ ‘ಟ್ರೇಡಿಂಗ್’. ‘ಸ್ಮಾಲ್ ಸ್ಕೇಲ್ ಇಂಡಸ್ಟ್ರಿ’ ಎಂದು ಲೆಟರ್‌ಹೆಡ್ಡಿನಲ್ಲಿ ಹಾಕಿಸುವುದೂ ಹಳೆಯ ಅಭ್ಯಾಸವೇ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ ಎರಡೂವರೆ ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕಗಳೆಲ್ಲ ‘ಮೈಕ್ರೋ’, ಅಂದರೆ ನಮ್ಮ ಕಡೆಯ ಗೃಹೋದ್ಯಮಗಳೆಲ್ಲ ಅದರಲ್ಲೇ ಬರುತ್ತವೆ.

ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರವು ಜಿಲ್ಲೆಯಲ್ಲಿ ನಡೆಯುವ ಇಂಥ ಕಸುಬುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಅರ್ಜಿಯಲ್ಲಿ ಬರೆಯಬೇಕಾದ ಇಂಗ್ಲಿಷ್ ವಿವರಣೆಯನ್ನು ಕನ್ನಡದ ಪಕ್ಕದಲ್ಲೇ ಕೊಟ್ಟು, ಗ್ರಾಮ ಪಂಚಾಯಿತಿಗಳಿಗೂ ಸ್ವಸಹಾಯ ಸಂಘಗಳಿಗೂ ತಲುಪಿಸಬೇಕೆಂದು ಕೋರುತ್ತೇನೆ. ತಪ್ಪಾಗಿ ನೋಂದಾಯಿಸಿಕೊಂಡಿರುವವರು ಅದನ್ನು ಉದ್ಯಮ್ ಜಾಲತಾಣದಲ್ಲೇ ತಿದ್ದಿಸಿಕೊಳ್ಳಬಹುದು. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ.

ಇತಿ,
ಮುದ್ರಣಾಲಯದ ಮಾಲೀಕ, ಶಿರಸಿ