‘ಇನ್‌ಫಾರ್ಮ್’ ಆದ ಮೇಲೆ ‘ಟು’ ಬೇಡ

ತುಮಕೂರು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ತಿದ್ದಿಕೊಡಿ ಎಂದು ನೀನು ಕಳಿಸಿದ ಇಂಗ್ಲಿಷ್ ರಜೆ ಅರ್ಜಿ ಓದಿದೆ. ಕಾರಣ, ತಾರೀಕು, ದಿನಗಳ ಲೆಕ್ಕ ಎಲ್ಲ ಸರಿ ಇದೆ. ಎಡವಿರುವುದು ಒಂದೇ ಕ್ರಿಯಾಪದದಲ್ಲಿ, ಅದೂ ನಾಲ್ಕು ಕಡೆ: ಇನ್‌ಫಾರ್ಮ್. ವಸಂತನರಸಾಪುರದ ಕಾರ್ಖಾನೆಯಲ್ಲಿ ಸ್ಟೋರ್ಸ್ ಕೆಲಸ ಅಂದರೆ ಬೆಳಗಿನಿಂದ ಸಂಜೆವರೆಗೆ ಯಾರಿಗಾದರೂ ಏನಾದರೂ ತಿಳಿಸುತ್ತಲೇ ಇರಬೇಕು. ಹಾಗಾಗಿ ಈ ಪದವನ್ನು ಬೇರುಸಮೇತ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲ ಸಾಲಲ್ಲೇ ‘ಇನ್‌ಫಾರ್ಮ್ ಟು ಯೂ’ ಎಂದಿದ್ದೀಯ. ಈ ‘ಟು’ ನಮ್ಮ ಚತುರ್ಥಿ ವಿಭಕ್ತಿಯಿಂದ ಬಂದದ್ದು. ‘ನಿಮಗೆ ತಿಳಿಸುತ್ತೇನೆ’ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡು, ‘ಗೆ’ ಪ್ರತ್ಯಯವನ್ನು ‘ಟು’ ಮಾಡಿದ್ದೀಯ. ಕನ್ನಡದಲ್ಲಿ ‘ತಿಳಿಸು’ ಎಂಬುದಕ್ಕೆ ಸುದ್ದಿಯೇ ಕರ್ಮ. ಸುದ್ದಿಯನ್ನು ತಿಳಿಸುತ್ತೇವೆ, ಮನುಷ್ಯನಿಗೆ ತಿಳಿಸುತ್ತೇವೆ. ಇನ್‌ಫಾರ್ಮ್ ಇದಕ್ಕೆ ತಿರುಗುಮುರುಗು. ಅದಕ್ಕೆ ಮನುಷ್ಯನೇ ಕರ್ಮ. ಲ್ಯಾಟಿನ್ನಿನ ‘ಇನ್‌ಫಾರ್ಮಾರೆ’ ಎಂದರೆ ರೂಪ ಕೊಡು. ಕೇಳುವವನ ಮನಸ್ಸಿಗೆ ರೂಪ ಕೊಡು ಎಂಬಲ್ಲಿಂದ ತಿಳಿಸು ಎಂಬ ಅರ್ಥ ಬೆಳೆಯಿತು. ನಮ್ಮ ‘ಎಚ್ಚರಿಸು’ ಹೀಗೇ ನಡೆಯುತ್ತದೆ ನೋಡು: ಅವನನ್ನು ಎಚ್ಚರಿಸಿದೆ ಅನ್ನುತ್ತೇವೆ, ಅವನಿಗೆ ಎಚ್ಚರಿಸಿದೆ ಅನ್ನುವುದಿಲ್ಲ. ಇನ್‌ಫಾರ್ಮ್ ಬರೆಯುವಾಗ ಒಳಗೊಳಗೇ ‘ಎಚ್ಚರಿಸು’ ಎಂದುಕೊ, ‘ಟು’ ತಾನಾಗಿ ಉದುರಿಹೋಗುತ್ತದೆ.

ಮನುಷ್ಯನನ್ನು ಹೇಳಿದ ಮೇಲೆ ಸುದ್ದಿ. ಸುದ್ದಿ ಒಂದು ನಾಮಪದವಾದರೆ ನಡುವೆ ‘ಆಫ್’ ಅಥವಾ ‘ಅಬೌಟ್’ ಬರಬೇಕು: ‘ಐ ಇನ್‌ಫಾರ್ಮ್ಡ್ ದ ಸೂಪರ್‌ವೈಸರ್ ಆಫ್ ದ ಡಿಲೇ.’ ಪೂರ್ತಿ ವಾಕ್ಯವಾದರೆ ‘ದಟ್’: ‘ಐ ಇನ್‌ಫಾರ್ಮ್ಡ್ ದ ಸೂಪರ್‌ವೈಸರ್ ದಟ್ ದ ಲಾರಿ ವಾಸ್ ಸ್ಟಕ್ ನಿಯರ್ ಸಿರಾ.’ ‘ಆಫ್’ ಸ್ವಲ್ಪ ಗತ್ತಿನದು, ಪತ್ರಕ್ಕೆ ಒಪ್ಪುತ್ತದೆ. ‘ಇನ್‌ಫಾರ್ಮ್ ಮಿ ದ ಡೇಟ್’ ಎಂದು ಏನೂ ಸೇರಿಸದೆ ಬರೆಯಬೇಡ. ಆ ಸಲುಗೆ ಇರುವುದು ‘ಟೆಲ್’ಗೆ: ‘ಟೆಲ್ ಮಿ ದ ಡೇಟ್.’

ಎರಡನೆಯ ಕಡೆ ಮನುಷ್ಯನನ್ನೇ ಬಿಟ್ಟಿದ್ದೀಯ: ‘ಐ ಇನ್‌ಫಾರ್ಮ್ಡ್ ದಟ್ ದ ಸ್ಟಾಕ್ ಈಸ್ ಓವರ್.’ ‘ಸ್ಟಾಕ್ ಮುಗಿದಿದೆ ಎಂದು ತಿಳಿಸಿದೆ’ ಎಂದರೆ ಕನ್ನಡಕ್ಕೆ ಸಾಕು. ಇಂಗ್ಲಿಷಿನಲ್ಲಿ ಕರ್ಮವಿಲ್ಲದೆ ವಾಕ್ಯ ಕುಂಟುತ್ತದೆ, ಓದುವವರು ‘ಯಾರಿಗೆ?’ ಎಂದು ಕೇಳುತ್ತಾರೆ. ಹೆಸರು ಹೇಳುವುದು ಬೇಡವಾದರೆ ಕ್ರಿಯಾಪದವನ್ನೇ ಬದಲಿಸು: ‘ಐ ರಿಪೋರ್ಟೆಡ್ ದ ಶಾರ್ಟೇಜ್.’ ರಿಪೋರ್ಟ್ ನಮ್ಮ ‘ತಿಳಿಸು’ವಿನ ಹಾಗೆ ಸುದ್ದಿಯನ್ನೇ ಕರ್ಮ ಮಾಡಿಕೊಳ್ಳುತ್ತದೆ.

ಮೂರನೆಯದು ಸರ್ಕಾರಿ ಕಾಗದದ ಛಾಯೆ: ‘ಇಟ್ ವಾಸ್ ಇನ್‌ಫಾರ್ಮ್ಡ್ ಟು ಮಿ.’ ‘ನನಗೆ ತಿಳಿಸಲಾಯಿತು’ ಎಂಬುದರ ಪಡಿಯಚ್ಚು. ಕರ್ಮಣಿಯಲ್ಲಿ ಕರ್ಮವೇ ಕರ್ತೃವಿನ ಜಾಗಕ್ಕೆ ಬರುತ್ತದೆ, ಇಲ್ಲಿ ಕರ್ಮ ನೀನೇ. ಆದ್ದರಿಂದ ‘ಐ ವಾಸ್ ಇನ್‌ಫಾರ್ಮ್ಡ್ ದಟ್’ ಎಂದು ಶುರು ಮಾಡು.

ನಾಲ್ಕನೆಯದು ನನಗೆ ಹೆಚ್ಚು ಚಿಂತೆ ತಂದದ್ದು, ಏಕೆಂದರೆ ಇದರಲ್ಲಿ ಅರ್ಥವೇ ಕೆಡುತ್ತದೆ. ‘ಐ ಇನ್‌ಫಾರ್ಮ್ಡ್ ದ ಡ್ರೈವರ್ ಟು ಕಮ್ ಅಟ್ ಸಿಕ್ಸ್.’ ‘ಆರಕ್ಕೆ ಬರಲು ತಿಳಿಸಿದೆ’ ಎಂದರೆ ನಮ್ಮಲ್ಲಿ ಅದು ಅಪ್ಪಣೆಯೇ. ಇನ್‌ಫಾರ್ಮ್‌ಗೆ ಅಪ್ಪಣೆ ಕೊಡುವ ಶಕ್ತಿ ಇಲ್ಲ, ಅದು ಇರುವ ಸಂಗತಿಯನ್ನು ಮುಟ್ಟಿಸುತ್ತದೆ ಅಷ್ಟೆ. ಕೆಲಸ ಆಗಬೇಕಾದರೆ ‘ಟೋಲ್ಡ್’ ಅಥವಾ ‘ಆಸ್ಕ್ಡ್’ ಬಳಸು. ಲಿಖಿತ ಆದೇಶಕ್ಕೆ ‘ಇನ್‌ಸ್ಟ್ರಕ್ಟೆಡ್’, ಹಿರಿಯರಿಗೆ ‘ರಿಕ್ವೆಸ್ಟೆಡ್’. ಇವು ಯಾವುದಕ್ಕೂ ಮನುಷ್ಯನ ಮುಂಚೆ ‘ಟು’ ಇಲ್ಲ.

ಮನೆಮಾತಿಗೆ ಇನ್‌ಫಾರ್ಮ್ ತರಬೇಡ. ‘ಐ ಇನ್‌ಫಾರ್ಮ್ಡ್ ಮೈ ಮದರ್ ದಟ್ ಐ ಹ್ಯಾಡ್ ಈಟನ್’ ವ್ಯಾಕರಣಕ್ಕೆ ಸರಿ, ಕಿವಿಗೆ ಪಂಚನಾಮೆ. ಅಲ್ಲಿ ‘ಟೋಲ್ಡ್’ ಸಾಕು. ತಿಪಟೂರಿನ ಕೊಬ್ಬರಿ ರೇಟು ಗೆಳೆಯನನ್ನು ಕೇಳುವಾಗಲೂ ‘ಟೆಲ್ ಮಿ’. ‘ಇನ್‌ಫಾರ್ಮ್ ಆನ್ ಸಮ್‌ಒನ್’ ಎಂದರೆ ಒಬ್ಬರ ಗುಟ್ಟನ್ನು ಪೊಲೀಸರಿಗೋ ಮೇಲಧಿಕಾರಿಗೋ ಒಪ್ಪಿಸುವುದು, ಆ ‘ಆನ್’ ಹತ್ತಿರ ಸುಳಿಯಬೇಡ. ‘ಇನ್‌ಫಾರ್ಮೇಷನ್ಸ್’ ಎಂಬ ಬಹುವಚನ ಇಲ್ಲ. ಆಫೀಸುಗಳಲ್ಲಿ ಓಡಾಡುವ ‘ಇಂಟಿಮೇಟ್ ದ ಸೇಮ್’ ಕೂಡ ಬಿಡು. ಭಾರತದ ಆಚೆ ಆ ಕ್ರಿಯಾಪದವನ್ನು ಹೆಚ್ಚಾಗಿ ಸೂಚ್ಯವಾಗಿ ಹೇಳು ಎಂಬ ಅರ್ಥದಲ್ಲೇ ಓದುತ್ತಾರೆ.

‘ನೋಟಿಫೈ’, ‘ರಿಮೈಂಡ್’, ‘ಅಶ್ಯೂರ್’ ಮೂರೂ ಇನ್‌ಫಾರ್ಮ್ ಜಾಡಿನವು, ಮನುಷ್ಯ ಮೊದಲು. ಆದರೆ ‘ಎಕ್ಸ್‌ಪ್ಲೇನ್’ ಕನ್ನಡದ ಜಾಡಿನದು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಅನ್ನಬೇಕು. ‘ಗೆ’ ಬೇಕಾದಲ್ಲೇ ನಮ್ಮವರು ಅದನ್ನು ಬಿಟ್ಟು ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತಾರೆ.

ಇನ್ನು ಅರ್ಜಿಯ ಮೊದಲ ಸಾಲು. ‘ಟು’ ತೆಗೆದರೂ ಅದು ಸರಿಹೋಗುವುದಿಲ್ಲ. ರಜೆ ಇನ್ನೂ ಮಂಜೂರಾಗಿಲ್ಲ. ‘ದಿಸ್ ಈಸ್ ಟು ಇನ್‌ಫಾರ್ಮ್ ಯೂ ದಟ್ ಐ ವಿಲ್ ಬಿ ಆನ್ ಲೀವ್’ ಎಂದರೆ ನೀನೇ ಮಂಜೂರು ಮಾಡಿಕೊಂಡು ಸುದ್ದಿ ಮುಟ್ಟಿಸಿದ ಹಾಗೆ. ಜ್ವರ ಬಂದು ಮಲಗಿದ ದಿನಕ್ಕೆ ಆ ಸಾಲು ಸರಿ, ಜಾತ್ರೆಗೆ ಹೋಗಲು ಅಲ್ಲ. ಹೀಗೆ ಬರೆದು ಕಳಿಸು:

‘ಐ ರಿಕ್ವೆಸ್ಟ್ ಟೂ ಡೇಸ್ ಲೀವ್ ಟು ಅಟೆಂಡ್ ದ ಸಿದ್ಧಗಂಗಾ ಜಾತ್ರೆ. ಐ ಹ್ಯಾವ್ ಇನ್‌ಫಾರ್ಮ್ಡ್ ದ ಸೂಪರ್‌ವೈಸರ್ ಆಫ್ ದ ಪೆಂಡಿಂಗ್ ಐಟಮ್ಸ್ ಅಂಡ್ ಆಸ್ಕ್ಡ್ ದ ಡ್ರೈವರ್ ಟು ಕಮ್ ಅಟ್ ಸಿಕ್ಸ್.’

‘ರಿಕ್ವೆಸ್ಟ್’ ಕ್ರಿಯಾಪದವಾಗಿ ಬಂದಾಗ ಅದರ ನಂತರ ‘ಫಾರ್’ ಇಲ್ಲ, ಗಮನಿಸು. ತಿದ್ದಿದ ಪ್ರತಿ ಇದರ ಜೊತೆಗಿದೆ.

ಇಂತಿ,
ನಿನ್ನ ದೊಡ್ಡಪ್ಪ