ಗಾಯ್ಸ್ ಅನ್ನುವ ಮಾತಿನ ಬಗ್ಗೆ ಪುಟ್ಟಿಗೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ನೀನು "ಹಾಯ್ ಗಾಯ್ಸ್" ಅಂದೆಯಲ್ಲ, ಅಜ್ಜಿಗೆ ಕೇಳಿಸಿದ್ದು "ಗಾಯ" ಅಂತ. ಫೋನ್ ಇಟ್ಟ ಮೇಲೆ ನನ್ನ ಕೈ ಹಿಡಿದು, "ಮಗೂಗೆ ಎಲ್ಲಿ ಗಾಯ ಆಗಿದೆ? ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ?" ಅಂತ ಕೇಳಿದರು. ಎಷ್ಟು ಹೇಳಿದರೂ ನಂಬಲಿಲ್ಲ. ರಾತ್ರಿ ಎರಡು ಸಲ ಎದ್ದು ಕೂತಿದ್ದರು.

ಬೈಯೋಕೆ ಬರೆಯುತ್ತಿಲ್ಲ, ಪುಟ್ಟಿ. ಆ ಮಾತು ಹುಟ್ಟಿದ ಕಥೆ ನೀನು ಓದುತ್ತಿರುವ ಇಂಗ್ಲೆಂಡಿನ ಯಾರ್ಕ್ ಊರಿಗೇ ಸೇರಿದ್ದು. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ಗಾಯ್ ಅನ್ನೋದು ಮೊದಲು ಒಬ್ಬ ಮನುಷ್ಯನ ಹೆಸರು. ಗಾಯ್ ಫಾಕ್ಸ್ 1570ರಲ್ಲಿ ಯಾರ್ಕ್‌ನಲ್ಲೇ ಹುಟ್ಟಿದವನು. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ತುಂಬಾ ಕಿರುಕುಳ ಇತ್ತು. ಸಿಟ್ಟೆದ್ದ ಕೆಲವರು ದೊರೆ ಜೇಮ್ಸ್ ಬರುವ ದಿನ ಪಾರ್ಲಿಮೆಂಟನ್ನೇ ಸಿಡಿಸಲು ಹೊರಟರು. ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದು ಇಟ್ಟು, ಅದಕ್ಕೆ ಕಾವಲು ಕೂತವನೇ ಈ ಫಾಕ್ಸ್. 1605ರ ನವೆಂಬರ್ 5ಕ್ಕೆ ಮುಂಚಿನ ರಾತ್ರಿ ಸಿಕ್ಕಿಬಿದ್ದ. ಮರುವರ್ಷ ಜನವರಿಯಲ್ಲಿ ಮರಣದಂಡನೆ.

ಅಂದಿನಿಂದ ಪ್ರತಿ ನವೆಂಬರ್ 5ಕ್ಕೆ ಅಲ್ಲಿ ಬೆಂಕಿ ಹಾಕುತ್ತಾರೆ. ಹಳೇ ಅಂಗಿ, ಪ್ಯಾಂಟಿಗೆ ಹುಲ್ಲೋ ಕಾಗದವೋ ತುರುಕಿ, ನಮ್ಮ ಹೊಲದ ಬೆರ್ಚಪ್ಪನಂಥ ಗೊಂಬೆ ಮಾಡಿ ಸುಡುವುದೂ ಶುರುವಾಯಿತು. ಆ ಗೊಂಬೆಯ ಹೆಸರೇ ಗಾಯ್. ಮಕ್ಕಳು ಅದನ್ನು ಬೀದಿಗೆ ತಂದು "ಗಾಯ್‌ಗೆ ಒಂದು ಪೆನ್ನಿ" ಅಂತ ಕಾಸು ಕೇಳುತ್ತಿದ್ದರು. ಆಮೇಲೆ ವಿಚಿತ್ರವಾಗಿ ಬಟ್ಟೆ ಹಾಕಿಕೊಂಡವನೂ ಗಾಯ್ ಆದ. ಅಮೆರಿಕಕ್ಕೆ ಹೋಗಿ ಆ ಬೈಗುಳ ಸವೆದು, ಯಾವ ಗಂಡಸಾದರೂ ಗಾಯ್ ಅಂತಾಯಿತು. ಈಗ ಹೆಂಗಸರ ಗುಂಪಿಗೂ ಗಾಯ್ಸ್!

ಇಂಗ್ಲಿಷಿನವರಿಗೆ ಆ ಮಾತು ಬೇಕಾಗಿದ್ದಕ್ಕೆ ಒಂದು ಕಾರಣ ನನಗೆ ಕಾಣುತ್ತೆ. ಹಿಂದೆ ಅವರಲ್ಲೂ ನೀನು, ನೀವು ಬೇರೆಬೇರೆ ಇತ್ತು. ನೀನು ಅನ್ನೋಕಿದ್ದ "ದೌ" ಬಳಕೆ ತಪ್ಪಿತು, ಒಬ್ಬರಿಗೂ ಹತ್ತು ಜನಕ್ಕೂ "ಯೂ" ಒಂದೇ ಉಳಿಯಿತು. ಹಾಗಾಗಿ "ಯೂ ಗಾಯ್ಸ್" ಕೈಗೆ ಬಂತು. ನಮಗೆ ಆ ಕೊರತೆಯೇ ಇಲ್ಲ ಅಲ್ವಾ? ನೀನು, ನೀವು, ನೀವೆಲ್ಲ, ಅಜ್ಜಿ, ಅತ್ತೆ, ಮಾವ.

ಗೆಳತಿಯರ ಜೊತೆ ಗಾಯ್ಸ್ ಅನ್ನು, ತಪ್ಪೇನಿಲ್ಲ. ಪಾಠ ಹೇಳುವವರಿಗೆ ಬರೆಯುವಾಗ ಮಾತ್ರ ಬೇಡ. ಹೆಣ್ಣುಮಕ್ಕಳಲ್ಲೂ ಕೆಲವರಿಗೆ ಅದು ಹಿಡಿಸಲ್ಲ. ಅಂಥವರು ಹೇಳಿದರೆ ವಾದ ಮಾಡದೆ ಬಿಟ್ಟುಬಿಡು. ಮನೆಯವರನ್ನು ಮಾತ್ರ ಒಬ್ಬೊಬ್ಬರಾಗಿ ಕರಿ. ಅಜ್ಜಿ ವಾರವೆಲ್ಲ ಕಾಯೋದು ನಿನ್ನ ಬಾಯಲ್ಲಿ "ಅಜ್ಜಿ" ಅಂತ ಕೇಳೋಕೆ.

ಫಾಕ್ಸ್‌ಗೆ ದೀಕ್ಷಾಸ್ನಾನ ಮಾಡಿಸಿದ ಸೇಂಟ್ ಮೈಕಲ್ ಲ ಬೆಲ್ಫ್ರಿ ಚರ್ಚು ನಿಮ್ಮೂರಿನ ದೊಡ್ಡ ಚರ್ಚಾದ ಮಿನ್‌ಸ್ಟರ್ ಪಕ್ಕದಲ್ಲೇ ಇದೆ. ಬಿಡುವಾದಾಗ ಹೋಗಿ ಒಂದು ಫೋಟೋ ಕಳಿಸು. ಭಾನುವಾರ ಕಾಲ್ ಮಾಡಿದಾಗ ಮೊದಲು ಎರಡೂ ಕೈ ಅಜ್ಜಿಗೆ ತೋರಿಸು. ಅವರು ಕೇಳ್ತಾರೆ.

ಇಂತಿ ನಿನ್ನ ಪ್ರೀತಿಯ
ಅತ್ತೆ